ಇನ್ನೂರು ರಾಹತಿಯ ಲೆಕ್ಕ: ಶೃಂಗೇರಿಯ ಹಳೇ ಕಾಗದಗಳು, ನಮ್ಮೂರಿನ ವಾಟ್ಸಾಪ್ ಗ್ರೂಪು

 

ಇವತ್ತಿನ ಎಪಿಸೋಡ್ 1791ನೇ ಇಸವಿಯದ್ದು. ಆದ್ರೆ ಶುರುವಾಗೋದು ಒಂದು ವಾಟ್ಸಾಪ್ ಗ್ರೂಪಿನಿಂದ.

ನಂದು ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು. ನಮ್ಮ ಹೈಸ್ಕೂಲ್ ಬ್ಯಾಚಿನದ್ದೊಂದು ಗ್ರೂಪ್ ಇದೆ. ಬಹಳ ವರ್ಷ ಅದರಲ್ಲಿ ಬರ್ತಿದ್ದದ್ದು ಮೂರೇ ವಿಷಯ: ಯಾರ ಮದುವೆ, ಅಡಿಕೆ ರೇಟು, ಮಳೆ ಎಷ್ಟು ಇಂಚು. ಒಂದು ನವೆಂಬರ್‌ನಲ್ಲಿ ಟಿಪ್ಪು ಸುಲ್ತಾನನ ಬಗ್ಗೆ ಒಂದು ಫಾರ್ವರ್ಡ್ ಬಂತು. ಅದಕ್ಕೆ ಉತ್ತರವಾಗಿ ಇನ್ನೊಂದು ಫಾರ್ವರ್ಡ್. ಒಂದರಲ್ಲಿ ಅವನು ರಾಕ್ಷಸ, ಇನ್ನೊಂದರಲ್ಲಿ ಸಂತ. ರಾತ್ರಿ ಹತ್ತರ ಹೊತ್ತಿಗೆ ಟಿಪ್ಪು ಎಲ್ಲೋ ಹಿಂದೆ ಉಳಿದಿದ್ದ. "ನಿಮ್ಮವರು", "ನಮ್ಮವರು" ಅನ್ನೋ ಮಾತು ಶುರುವಾಗಿತ್ತು. ಹತ್ತೂವರೆಗೆ ನನ್ನ ಒಬ್ಬ ಗೆಳೆಯ, ಏಳನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವನು, ಗ್ರೂಪ್ ಬಿಟ್ಟು ಹೋದ. ಅವನ ಹೆಸರು ಹೇಳಲ್ಲ. ಅವರ ಅಪ್ಪ ನಮ್ಮ ಕಡೆ ಅಡಿಕೆ ಚೇಣಿ ಮಾಡ್ತಿದ್ದ ಸಾಹೇಬ್ರು ಅಂದ್ರೆ ಸಾಕು, ಉಳಿದದ್ದು ನಿಮಗೆ ಅರ್ಥ ಆಗುತ್ತೆ.

ನಾನು ಆ ರಾತ್ರಿ ಎಲ್ಲಾ ಮೆಸೇಜೂ ಓದಿದ್ದೆ. ನೀಲಿ ಟಿಕ್ ಬಿದ್ದಿತ್ತು. ಒಂದಕ್ಷರ ಟೈಪ್ ಮಾಡಲಿಲ್ಲ.

ಆಮೇಲೆ ನನಗೆ ನಾನೇ ಹೇಳಿಕೊಂಡ ನೆಪ ಏನು ಗೊತ್ತಾ? "ನಾನು ಬಿಕಾಂ ಓದಿದವನು, ಹಿಸ್ಟರಿ ನನಗೇನು ಗೊತ್ತು" ಅಂತ. ಸರಿ, ಗೊತ್ತಿಲ್ಲ ಅಂದ್ರೆ ತಿಳ್ಕೊಳ್ಳೋಣ ಅಂತ ಹುಡುಕೋಕೆ ಹೊರಟೆ. ಬಹಳ ದೂರ ಹೋಗಬೇಕಾಗಿ ಬರಲಿಲ್ಲ. ಶೆಟ್ಟಿಕೊಪ್ಪದಲ್ಲಿ ಬಸ್ ಹತ್ತಿ, ಕೊಪ್ಪ ದಾಟಿದ್ರೆ ಶೃಂಗೇರಿ. ಚಿಕ್ಕಂದಿನಲ್ಲಿ ಸಹಕಾರ ಸಾರಿಗೆ ಬಸ್ಸಿನ ಕಿಟಕಿ ಪಕ್ಕ ಕೂತು ಎಷ್ಟು ಸಲ ಹೋಗಿದ್ದೀನೋ. ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ, ಊಟ ಮಾಡಿ ವಾಪಸ್ ಬರೋದು. ಅದೇ ಊರಲ್ಲಿ ಇಂಥದ್ದೊಂದು ಕಾಗದದ ಕಟ್ಟು ಇತ್ತು ಅಂತ ಯಾರೂ ಹೇಳಿರಲಿಲ್ಲ.

ಒಂದು ಕಟ್ಟು ಪತ್ರ

1916ಕ್ಕೆ ಹೋಗೋಣ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರು ಆರ್. ನರಸಿಂಹಾಚಾರ್. ಕನ್ನಡ ಮೇಷ್ಟ್ರುಗಳಿಗೆ ಇವರು 'ಕರ್ಣಾಟಕ ಕವಿಚರಿತೆ' ಬರೆದವರು ಅಂತ ಗೊತ್ತು. ಶೃಂಗೇರಿ ಮಠದಲ್ಲಿ ಅವರಿಗೆ ಒಂದು ಕಟ್ಟು ಹಳೇ ಪತ್ರ ಸಿಗುತ್ತೆ. ಬರೆಸಿದವನು ಟಿಪ್ಪು ಸುಲ್ತಾನ್. ಬರೆಸಿದ್ದು ಮಠದ ಆಗಿನ ಸ್ವಾಮಿಗಳಾದ ಮೂರನೇ ಸಚ್ಚಿದಾನಂದ ಭಾರತಿಯವರಿಗೆ. ಭಾಷೆ ಕನ್ನಡ.

ಹಿನ್ನೆಲೆ ಹೇಳ್ತೀನಿ. 1791ರಲ್ಲಿ ಮೂರನೇ ಮೈಸೂರು ಯುದ್ಧ ನಡೀತಿದೆ. ಒಂದು ಕಡೆ ಟಿಪ್ಪು. ಇನ್ನೊಂದು ಕಡೆ ಇಂಗ್ಲಿಷರು, ಹೈದರಾಬಾದಿನ ನಿಜಾಮ, ಮರಾಠರು, ಮೂವರೂ ಒಟ್ಟಿಗೆ. ಪಟವರ್ಧನ ಸರದಾರ ಪರಶುರಾಮ ಭಾವು ಧಾರವಾಡವನ್ನ ಗೆದ್ದುಕೊಂಡು ದಕ್ಷಿಣಕ್ಕೆ ಇಳೀತಿದ್ದಾನೆ. ಆ ಸೈನ್ಯದ ಕಡೆಯ ಸವಾರರ ಒಂದು ಗುಂಪು ಮಲೆನಾಡಿಗೆ ನುಗ್ಗಿ ಶೃಂಗೇರಿಯನ್ನ ಲೂಟಿ ಮಾಡ್ತು. ಮಠದ ಬೆಲೆಬಾಳೋದೆಲ್ಲಾ ಹೋಯ್ತು. ಜನ ಸತ್ತರು, ಅದರಲ್ಲಿ ಬ್ರಾಹ್ಮಣರೂ ಇದ್ದರು. ಶಾರದಾಂಬೆಯ ವಿಗ್ರಹವನ್ನೇ ಪೀಠದಿಂದ ಕಿತ್ತು ಹಾಕಿದರು. ಸ್ವಾಮಿಗಳು ಘಟ್ಟ ಇಳಿದು ಕಾರ್ಕಳ ಸೇರಿದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಲೂಟಿ ಮಾಡಿದ ಸೈನ್ಯದ ದೊರೆ ಪೇಶ್ವೆ, ಅಂದ್ರೆ ಸ್ವತಃ ಬ್ರಾಹ್ಮಣ. ಲೂಟಿಯಾದದ್ದು ಶಂಕರಾಚಾರ್ಯರ ಪೀಠ. ಸಹಾಯ ಕೇಳಿ ಪತ್ರ ಹೋಗಿದ್ದು ಟಿಪ್ಪುವಿಗೆ. ನಮ್ಮ ಗ್ರೂಪಿನ ಎರಡೂ ಫಾರ್ವರ್ಡ್‌ಗಳ ಒಳಗೆ ಈ ಒಂದು ವರ್ಷವನ್ನ ತುರುಕೋಕೆ ಆಗಲ್ಲ. ಆ ಸವಾರರು ಧರ್ಮ ನೋಡಿ ಬಂದವರಲ್ಲ. ಚಿನ್ನ ಎಲ್ಲಿದೆ ಅಂತ ನೋಡಿ ಬಂದವರು.

ಟಿಪ್ಪು ಉತ್ತರ ಬರೆಸಿದ. ಸ್ವಾಮಿಗಳನ್ನ ಜಗದ್ಗುರು ಅಂತ ಸಂಬೋಧಿಸಿದ. ಇಂಥ ಪುಣ್ಯಸ್ಥಳಕ್ಕೆ ಕೇಡು ಮಾಡಿದವರು ಅದರ ಫಲವನ್ನ ಬೇಗ ಉಣ್ಣುತ್ತಾರೆ ಅಂದ. ಕೇಡನ್ನ ನಗುನಗುತ್ತಾ ಮಾಡಿದವರು ಆಮೇಲೆ ಅಳಬೇಕಾಗುತ್ತೆ ಅನ್ನೋ ಅರ್ಥದ ಒಂದು ಸಂಸ್ಕೃತ ಶ್ಲೋಕವೂ ಆ ಪತ್ರದಲ್ಲಿದೆ. ಇಷ್ಟು ಬರೀ ಮಾತು. ಬಿಕಾಂ ಓದಿದ ನನ್ನ ಕಣ್ಣು ನಿಂತಿದ್ದು ಅದರ ಮುಂದಿನ ಸಾಲಲ್ಲಿ.

ಬಿದನೂರಿನ ಆಸಫನಿಗೆ ಆದೇಶ ಹೋಗಿತ್ತು. ಆಸಫ ಅಂದ್ರೆ ಪ್ರಾಂತ್ಯದ ಮೇಲಧಿಕಾರಿ. ಬಿದನೂರು ಅಂದ್ರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು, 200 ರಾಹತಿ ಬೆಲೆಯ ದವಸ ಕೊಡಬೇಕು ಅಂತ.

ರಾಹತಿ ಅನ್ನೋದು ಟಿಪ್ಪು ಕಾಲದ ಸಣ್ಣ ಚಿನ್ನದ ನಾಣ್ಯ. ನಮ್ಮ ಜನ 'ಹಣ' ಅಂತ ಕರೀತಿದ್ದ ನಾಣ್ಯಕ್ಕೆ ಅವನು ಇಟ್ಟ ಹೆಸರು. ಮೈಸೂರು ಕಡೆ ಹತ್ತು ಹಣಕ್ಕೆ ಒಂದು ವರಹ ಅನ್ನೋ ಲೆಕ್ಕ. ಆ ಲೆಕ್ಕಕ್ಕೆ 200 ರಾಹತಿ ಅಂದ್ರೆ ಸುಮಾರು 20 ವರಹ. ಒಂದು ರಾಜ್ಯದ ಖಜಾನೆಗೆ ಇದು ದೊಡ್ಡ ಮೊತ್ತ ಅಲ್ಲವೇ ಅಲ್ಲ. ಆಮೇಲೆ ಶಾಲು, ಪಲ್ಲಕ್ಕಿ ಎಲ್ಲಾ ಬಂತು, ಅದು ಬೇರೆ. ಆದ್ರೆ ಈ ಮೊದಲನೇ ಸಾಲು ನನಗೆ ಇಷ್ಟ ಆಗೋದು ಅದು ಸಣ್ಣದಾಗಿರೋದಕ್ಕೇ. ಇಷ್ಟು ನಗದು, ಇಷ್ಟು ಅಕ್ಕಿ-ಭತ್ತ, ಕೊಡಬೇಕಾದವನು ಯಾರು, ಯಾವ ಕೆಲಸಕ್ಕೆ: ನಾಲ್ಕೂ ಬರೆದಿದೆ. ಇದನ್ನ ಹಿಡಿದುಕೊಂಡು ಹೋಗಿ ನಗರದ ಕಚೇರಿಯಲ್ಲಿ ಕೇಳಬಹುದು.

"ಅವನಿಗೆ ಅಗತ್ಯ ಇತ್ತು, ಅದಕ್ಕೆ ಕೊಟ್ಟ"

ಈ ಕಥೆ ಹೇಳಿದಾಗೆಲ್ಲಾ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: "ಯುದ್ಧದಲ್ಲಿ ಸೋಲ್ತಿದ್ದ. ಹಿಂದೂ ಪ್ರಜೆಗಳ ಬೆಂಬಲ ಬೇಕಿತ್ತು. ಅದಕ್ಕೇ ಕೊಟ್ಟ."

ಈ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳ್ಕೊಂಡ, 3 ಕೋಟಿ 30 ಲಕ್ಷ ರೂಪಾಯಿ ಕೊಡೋಕೆ ಒಪ್ಪಿದ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಅದೇ ಪತ್ರಗಳಲ್ಲಿ ಶತ್ರುನಾಶಕ್ಕಾಗಿ ಸಹಸ್ರ ಚಂಡೀ ಜಪ ಮಾಡಿಸಿ, ಖರ್ಚು ಸರ್ಕಾರದ್ದು ಅಂತಲೂ ಬರೆಸಿದ್ದಾನೆ. ಅವನಿಗೆ ಗೆಲುವು ಬೇಕಿತ್ತು.

ಆದ್ರೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಅಗತ್ಯ ಬಂದಾಗ ಹೋಗೋಕೆ ಒಂದು ದಾರಿ ಮೊದಲೇ ಇತ್ತಲ್ಲ, ಆ ದಾರಿ ಯಾರದ್ದು?

ದಾರಿ ಹಳೇದು. 1346ರಲ್ಲಿ ವಿಜಯನಗರದ ಹರಿಹರ ಮತ್ತು ತಮ್ಮಂದಿರು ಶೃಂಗೇರಿಗೆ ಬಂದು ದತ್ತಿ ಕೊಟ್ಟರು. ಆಮೇಲೆ ಮಲೆನಾಡು ಆಳಿದ ಕೆಳದಿ ನಾಯಕರು ವೀರಶೈವರು, ಅವರೂ ಈ ಅದ್ವೈತ ಮಠಕ್ಕೆ ಭೂಮಿ ಬಿಟ್ಟರು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಮಠದ ಜೊತೆ ಅವನ ಪತ್ರವ್ಯವಹಾರವೂ ನಡೀತು. ಅಪ್ಪನಿಂದ ಮಗನಿಗೆ ಬಂತು. ಆಳುವವರ ದೇವರು ಬದಲಾಗ್ತಾ ಹೋಯ್ತು, ಮಠದ ಖಾತೆ ಮುಚ್ಚಲಿಲ್ಲ. ಅಂಗಡಿ ಮಾಲೀಕ ಬದಲಾದ್ರೂ ಹಳೇ ಗಿರಾಕಿಯ ಪುಟ ಹರಿದು ಹಾಕಲ್ಲ, ಹಾಗೆ.

ಖಾತೆ ಅನ್ನೋದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. ಮಠದಲ್ಲಿ ಕಡತಗಳಿದ್ದವು. ಇವತ್ತು ಕಡತ ಅಂದ್ರೆ ತಾಲ್ಲೂಕು ಆಫೀಸಿನಲ್ಲಿ ಮುಂದೆ ಹೋಗದೇ ಕೂತಿರೋ ಫೈಲು. ಹಿಂದೆ ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯೋದು. ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಮಠದ ಈ ದಾಖಲೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಕಟಿಸಿದ್ದಾರೆ. ಯಾರೋ ಒಬ್ಬ ಲೆಕ್ಕಿಗ ದಿನಾ ಕೂತು ಬರೆದದ್ದಕ್ಕೆ ನಾವು ಇವತ್ತು ಮಾತಾಡ್ತಾ ಇದ್ದೀವಿ.

ಹಾಗಾಗಿ ನನಗೆ ಅನ್ನಿಸೋದು ಇಷ್ಟು. ಸಹನೆ ಅನ್ನೋದು ಬಹಳ ಸಲ ದೊಡ್ಡ ಮನಸ್ಸಿನಿಂದ ಶುರುವಾಗಲ್ಲ, ಅಗತ್ಯದಿಂದ ಶುರುವಾಗುತ್ತೆ. ಅಗತ್ಯ ರೂಢಿ ಆಗುತ್ತೆ. ರೂಢಿಯನ್ನ ಯಾರೋ ಬರೆದಿಡ್ತಾರೆ. ಬರೆದಿಟ್ಟ ಮೇಲೆ ಅದು ಕೊಡುವವನ ಮರ್ಜಿಯಾಗಿ ಉಳಿಯಲ್ಲ, ಪಡೆಯುವವನ ಬಾಕಿ ಆಗುತ್ತೆ.

ಮನೆಗೊಂದು ಹಣ

ಇದು ನನ್ನ ತಲೆಹರಟೆ ಅಂದುಕೊಂಡ್ರೆ, 1368ಕ್ಕೆ ಬನ್ನಿ.

ಬರೋದಕ್ಕೆ ಮುಂಚೆ ಶೃಂಗೇರಿಯಲ್ಲೇ ಒಂದು ಜಾಗ ನೋಡಿಕೊಂಡು ಹೋಗೋಣ. ಪೇಟೆಯ ಮಧ್ಯದಲ್ಲೇ ಒಂದು ಪಾರ್ಶ್ವನಾಥ ಬಸದಿ ಇದೆ. ಸುಮಾರು 1150ರದ್ದು, ಮಾರಿಸೆಟ್ಟಿ ಅನ್ನೋ ವರ್ತಕನ ನೆನಪಿಗೆ ಕಟ್ಟಿಸಿದ್ದು. ಅಂದ್ರೆ ವಿದ್ಯಾಶಂಕರ ದೇವಸ್ಥಾನಕ್ಕಿಂತ ಹಿಂದಿನದ್ದು. ಶಾರದೆ ಊರಲ್ಲಿ ಜಿನ ಇದ್ದಾನೆ, ನಮ್ಮ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಇದ್ದಾಳೆ. ನಮ್ಮ ಕಡೆ ಇದು ಯಾರಿಗೂ ಸುದ್ದಿ ಅಲ್ಲ. ಆದ್ರೆ ಜೈನರ ಪಾಲಿಗೆ ಎಲ್ಲಾ ಕಡೆ, ಎಲ್ಲಾ ಕಾಲದಲ್ಲೂ ಹೀಗೆ ಸಲೀಸಾಗಿರಲಿಲ್ಲ.

1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರಿನ ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ತಗೊಂಡು ಹೋದರು. ಶ್ರೀವೈಷ್ಣವರಿಂದ ನಮಗೆ ಅನ್ಯಾಯ ಆಗ್ತಿದೆ ಅಂತ. ಹಳೇ ಕಾಲದಿಂದ ಬಂದ ಪಂಚಮಹಾವಾದ್ಯ, ಕಲಶದ ಹಕ್ಕಿನ ಪ್ರಶ್ನೆ ಅದು. ಇವತ್ತಿನ ಭಾಷೇಲಿ ಹೇಳೋದಾದ್ರೆ ಮೆರವಣಿಗೆ ಗಲಾಟೆ. 650 ವರ್ಷ ಕಳೆದ್ರೂ ಪೊಲೀಸ್ ಸ್ಟೇಷನ್ನಿಗೆ ಬರೋ ಕೇಸು ಅದೇ ಅಲ್ವಾ?

ಬುಕ್ಕ ಎರಡೂ ಕಡೆಯವರನ್ನ ಕರೆಸಿದ. ಜೈನರ ಕೈಯನ್ನ ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡೂ ದರ್ಶನಗಳ ಮಧ್ಯೆ ಭೇದ ಇಲ್ಲ, ಜೈನರ ವಾದ್ಯ, ಕಲಶ ಮೊದಲಿನಂತೆ ನಡೀಬೇಕು, ಜೈನರಿಗೆ ಆದ ಹಾನಿಯನ್ನ ವೈಷ್ಣವರು ತಮ್ಮದೇ ಹಾನಿ ಅಂತ ತಿಳೀಬೇಕು ಅಂದ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಈ ಶಾಸನ ಇದೆ. ಪಠ್ಯಪುಸ್ತಕದಲ್ಲಿ ಇಷ್ಟು ಬರುತ್ತೆ, ಕೈ ಹಿಡಿಸಿದ ಚಿತ್ರ ಚೆನ್ನಾಗಿರುತ್ತಲ್ಲ.

ಶಾಸನ ಅಲ್ಲಿಗೆ ಮುಗಿಯಲ್ಲ. ಬೆಳಗೊಳದ ದೇವರ ಕಾವಲಿಗೆ 20 ಜನ ಆಳುಗಳನ್ನ ಇಡಬೇಕು. ಅದಕ್ಕೆ ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು. ಆ ದುಡ್ಡು ಎತ್ತಿ, ಕಾವಲುಗಾರರನ್ನ ನೇಮಿಸೋ ಕೆಲಸ ಯಾರದ್ದು? ತಿರುಮಲೆಯ ತಾತಯ್ಯನದ್ದು. ಶ್ರೀವೈಷ್ಣವರ ಕಡೆಯ ದೊಡ್ಡ ಮನುಷ್ಯ. ಮಿಕ್ಕಿದ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು, ರಿಪೇರಿ ಮಾಡಿಸಬೇಕು. ಈ ಆದೇಶದ ಕಲ್ಲುಗಳನ್ನ ಬಸದಿಗಳಲ್ಲಿ ನಿಲ್ಲಿಸೋದೂ ಶ್ರೀವೈಷ್ಣವರ ಜವಾಬ್ದಾರಿ.

ಇದನ್ನ ಆಡಿಟರ್ ಕಣ್ಣಲ್ಲಿ ನೋಡಿ. ದುಡ್ಡು ಜೈನರದ್ದು. ಹೊಣೆ ಯಾರ ಮೇಲೆ ದೂರು ಬಂದಿತ್ತೋ ಅವರದ್ದು. ಬಸದಿಗೆ ಏನಾದ್ರೂ ಆದ್ರೆ ಮೊದಲು ಉತ್ತರ ಕೊಡಬೇಕಾದವನು ತಾತಯ್ಯ. "ಪ್ರೀತಿಯಿಂದ ಇರಿ" ಅಂತ ಹೇಳಿ ಕಳಿಸಿದ್ರೆ ಒಂದು ಮಳೆಗಾಲ ಉಳೀತಿತ್ತೋ ಇಲ್ವೋ. ಬುಕ್ಕ ಅವರ ಮನಸ್ಸು ಬದಲಾಗಲಿ ಅಂತ ಕಾಯಲಿಲ್ಲ. ಕೆಲಸ ಹಂಚಿದ. ಮನಸ್ಸು ನಿಧಾನಕ್ಕೆ ಬಂದಿರಬೇಕು. ಮುಂದೆ ಕಲ್ಲೆಹದ ಬುಸುವಿಸೆಟ್ಟಿ ಅನ್ನೋ ಜೈನ ವರ್ತಕ ಇದನ್ನ ಜೀರ್ಣೋದ್ಧಾರ ಮಾಡಿಸಿದಾಗ ಎರಡೂ ಸಮಯದವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು ಅಂತ ಅಲ್ಲೇ ಬರೆದಿದೆ.

ಪುಸ್ತಕದಲ್ಲಿ ಪುಟ ಇಲ್ಲದವರು

ಇಲ್ಲಿಗೆ ನಿಲ್ಲಿಸಿದ್ರೆ ಈ ಎಪಿಸೋಡೂ ಒಂದು ಫಾರ್ವರ್ಡ್ ಆಗುತ್ತೆ. ಶೃಂಗೇರಿ ಪತ್ರ ತೋರಿಸಿ "ನೋಡಿ, ಎಷ್ಟು ಒಳ್ಳೆಯವನು" ಅನ್ನೋ ಫಾರ್ವರ್ಡು.

ಅದೇ ಟಿಪ್ಪು 1784ರಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕರನ್ನ ಮನೆಮಠ ಬಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಚರ್ಚುಗಳನ್ನ ಕೆಡವಿಸಿದ. ಬದುಕುಳಿದವರು ಬಿಡುಗಡೆ ಕಂಡಿದ್ದು 1799ರಲ್ಲಿ ಅವನು ಸತ್ತ ಮೇಲೆ. ಕೊಡಗಿನವರನ್ನ ಹಿಡಿದು ತಂದ. ಮಲಬಾರಿನಲ್ಲಿ ಬಲವಂತದ ಮತಾಂತರ ನಡೀತು. ಸಂಖ್ಯೆ ಎಷ್ಟು ಅಂತ ಇತಿಹಾಸಕಾರರು ಜಗಳ ಆಡ್ತಾರೆ. ನಡೆದದ್ದು ನಿಜ ಅನ್ನೋದರಲ್ಲಿ ಜಗಳ ಇಲ್ಲ. ನಮ್ಮ ತಾಲ್ಲೂಕಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆಗಳು ಎಷ್ಟೋ ಇವೆ, ನನ್ನ ಕ್ಲಾಸಲ್ಲೂ ಇದ್ದರು. ಶೃಂಗೇರಿಯ 200 ರಾಹತಿಯನ್ನ ಅವರ ಮುಂದೆ ಇಟ್ಟು "ನೋಡಿ" ಅಂದ್ರೆ, ಮಂಗಳೂರಿನ ಪುಟ ಯಾಕೆ ಹರಿದಿದ್ದೀಯ ಅಂತ ಕೇಳೋ ಹಕ್ಕು ಅವರಿಗಿದೆ.

ಒಬ್ಬನೇ ಮನುಷ್ಯ ಹೇಗೆ ಎರಡೂ ಆಗ್ತಾನೆ? ನಾನು ಕಂಡುಕೊಂಡ ಉತ್ತರ ಇದು. ಯಾರು ತನ್ನ ಪ್ರಜೆಗಳು, ತನ್ನ ಕಡೆಯವರು ಅಂತ ಅವನ ಲೆಕ್ಕದಲ್ಲಿ ಇದ್ದರೋ ಅವರಿಗೆ ಶಾಲು ಹೋಯ್ತು. ಯಾರು ಇಂಗ್ಲಿಷರ ಕಡೆಯವರು, ದಂಗೆ ಎದ್ದವರು ಅಂತ ಅನ್ನಿಸಿತೋ ಅವರಿಗೆ ಬೇಡಿ ಬಿತ್ತು. ಎರಡನ್ನೂ ತೀರ್ಮಾನ ಮಾಡಿದ್ದು ಒಂದೇ ಮುದ್ರೆ. ರಾಜನ ಮರ್ಜಿಯ ಮೇಲೆ ನಿಂತ ಸಹನೆಯ ದೌರ್ಬಲ್ಯ ಅದು, ರಾಜನ ಹೆಸರು ಏನೇ ಇರಲಿ. ಅವನಿಗೆ ಸಿಟ್ಟು ಬಂದ ದಿನ ಹೋಗಿ ಕೇಳೋಕೆ ಇನ್ನೊಂದು ಕಚೇರಿ ಇರಲಿಲ್ಲ.

ಬುಕ್ಕನ ಶಾಸನಕ್ಕೂ ಇದೇ ಮಾತು ಹೇಳಬೇಕು. ದೂರು ಕೊಡೋಕೆ ಬಲ ಇದ್ದವರು ಜೈನ ವರ್ತಕರು. ಊರ ಹೊರಗೆ ಕೇರಿಯಲ್ಲಿದ್ದವರ ಕೈಯನ್ನ ಯಾರ ಕೈಯಲ್ಲೂ ಯಾರೂ ಇಡಲಿಲ್ಲ. ಬಸದಿಗೂ ಗುಡಿಗೂ ಸಂಧಾನ ಆಯ್ತು, ಎರಡರ ಬಾಗಿಲೂ ದಾಟೋಕೆ ಬಿಡದವರ ಪುಟ ಖಾಲಿ ಉಳೀತು. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾಯ್ದೆ ಬಂದಿದ್ದು 1948ರಲ್ಲಿ. ಆಮೇಲೆ 1950ರ ಜನವರಿ 26ಕ್ಕೆ ಸಂವಿಧಾನ ಬಂತು. 17ನೇ ವಿಧಿ ಅಸ್ಪೃಶ್ಯತೆ ನಿಷೇಧಿಸ್ತು. 25ನೇ ವಿಧಿ ಯಾರು ಯಾವ ದೇವರನ್ನ ಬೇಕಾದ್ರೂ ನಂಬಬಹುದು ಅಂತು. ಮೊದಲ ಸಲ ಪ್ರತಿಯೊಬ್ಬರ ಹೆಸರಿಗೂ ಒಂದು ಪುಟ ಬಂತು. ರಾಜನಿಗೆ ಅಗತ್ಯ ಇದೆಯೋ ಇಲ್ವೋ, ನೀವು ಅವನ ಕಡೆಯೋ ಅಲ್ವೋ, ಪುಟ ನಿಮ್ಮದೇ.

ಹಾಗಂತ ಸಹನೆ ಗಿಡದ ಥರ ತಾನಾಗೇ ಬೆಳೀತಾ ಹೋಗುತ್ತೆ ಅಂತ ತಿಳ್ಕೋಬೇಡಿ. ನಮ್ಮ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಬುಡನ್‌ಗಿರಿಯ ಒಂದೇ ಗುಹೆಗೆ ದತ್ತಾತ್ರೇಯ ಅಂತ ಬರೋರೂ, ದಾದಾ ಹಯಾತ್ ಅಂತ ಬರೋರೂ ತಲೆಮಾರುಗಳ ಕಾಲ ಬಂದರು. ನಾವು ದೊಡ್ಡವರಾಗೋ ಹೊತ್ತಿಗೆ ಡಿಸೆಂಬರ್ ಅಂದ್ರೆ ಬೆಟ್ಟದ ದಾರಿಯಲ್ಲಿ ಪೊಲೀಸ್ ಬ್ಯಾರಿಕೇಡು, ಕೋರ್ಟಿನಲ್ಲಿ ಕೇಸು. ಇದ್ದದ್ದು ಕಡಿಮೆಯೂ ಆಗುತ್ತೆ.

ಅಜ್ಜನ ಪುಸ್ತಕ

ಇಷ್ಟೆಲ್ಲಾ ಓದಿಕೊಂಡ ಮೇಲೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ಅಜ್ಜ ತೀರಿಕೊಂಡು ಕೆಲವು ವರ್ಷ ಆಯ್ತು. ಅವರ ಮರದ ಪೆಟ್ಟಿಗೆಯಲ್ಲಿ ಅಡಿಕೆ ಲೆಕ್ಕದ ಪುಸ್ತಕಗಳಿದ್ದವು. ಗೆಳೆಯನ ಅಪ್ಪನ ಹೆಸರಿಗೆ ಒಂದು ಪುಟ.

ಚೇಣಿ ಗೊತ್ತಿಲ್ಲದವರಿಗೆ ಹೇಳ್ತೀನಿ. ಫಸಲು ಮರದ ಮೇಲೆ ಇರುವಾಗಲೇ ಇಡೀ ತೋಟದ ಹಸಿ ಅಡಿಕೆಯನ್ನ ಒಂದು ಮಾತಿಗೆ ವಹಿಸಿಕೊಡೋದು. ಚೇಣಿದಾರರು ಮುಂಗಡ ಕೊಡ್ತಾರೆ, ಕೊನೆ ತೆಗೆಸಿ ಕೊಂಡೊಯ್ತಾರೆ. ಮಳೆ ಜಾಸ್ತಿಯಾಗಿ ಕೊಳೆ ರೋಗ ಬಂತು ಅಂದ್ರೆ ಒಬ್ಬರಿಗೆ ನಷ್ಟ. ರೇಟು ಬಿತ್ತು ಅಂದ್ರೆ ಇನ್ನೊಬ್ಬರಿಗೆ.

ಆ ಪುಟದಲ್ಲಿ ಒಂದು ವರ್ಷ ಕೊಳೆ ಬಂದಿದೆ. ಸಾಹೇಬ್ರು ಮುಂಗಡ ಕೊಟ್ಟಾಗಿದೆ, ಫಸಲು ಅರ್ಧ. ಕೊಡಬೇಕಾದ ಬಾಕಿಯಲ್ಲಿ ಒಂದು ಭಾಗ ಹೊಡೆದು ಹಾಕಿ ಅಜ್ಜ ಪಕ್ಕದಲ್ಲಿ "ಕೊಳೆ" ಅಂತ ಬರೆದಿದ್ದಾರೆ. ಕೆಳಗೆ ಇಬ್ಬರ ಸಹಿ, ಒಂದು ಕನ್ನಡದಲ್ಲಿ, ಒಂದು ಉರ್ದುವಿನಲ್ಲಿ. ಎರಡು ವರ್ಷ ಬಿಟ್ಟು ರೇಟು ಬಿದ್ದಿದೆ. ಆ ವರ್ಷ ಮಾತಾಡಿದ ರೇಟಿಗೇ ಪೂರಾ ಜಮಾ ಆಗಿದೆ. ಮತ್ತೆ ಇಬ್ಬರ ಸಹಿ.

ಅಜ್ಜ ದೊಡ್ಡ ಜಾತ್ಯತೀತ ಮನುಷ್ಯ ಏನಲ್ಲ. ಸಾಹೇಬ್ರಿಗೆ ಚಾ ಕೊಡ್ತಿದ್ದ ಲೋಟ ಬೇರೆ ಇತ್ತು. ಅದು ನನಗೆ ನೆನಪಿದೆ, ನನ್ನ ಗೆಳೆಯನಿಗೂ ನೆನಪಿದೆ. ಆ ಲೋಟ ಇತ್ತು, ಈ ಪುಸ್ತಕವೂ ಇತ್ತು. ಅಜ್ಜ "ಬನ್ನಿ ಸಾಹೇಬ್ರೇ" ಅನ್ನೋರು, ಅವರು "ಏನು ಗೌಡ್ರೇ, ಈ ಸಲ ಮಳೆ ಬಿಡೋ ಹಂಗೆ ಕಾಣಲ್ಲ" ಅನ್ನೋರು. ಮಾತು ನಡೀತಿತ್ತು. ಮುಂದಿನ ವರ್ಷ ಮತ್ತೆ ಈ ಮುಖ ನೋಡಬೇಕು ಅನ್ನೋದು ಇಬ್ಬರಿಗೂ ಗೊತ್ತಿತ್ತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಲೋಟ ಒಂದೇ. ಎಲ್ಲರಿಗೂ ಒಂದೇ ಎಮೋಜಿ. ಆದ್ರೆ ಯಾರಿಗೂ ಯಾರ ಬಾಕಿಯೂ ಇಲ್ಲ. ಬಿಟ್ಟು ಹೋದವನ ಬಗ್ಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಆ ಪುಟದ ಫೋಟೋ ತೆಗೆದು ಅವನಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ನಾನು ಗಾಬರಿಯಲ್ಲಿ ಶೃಂಗೇರಿ, ಆಸಫ, ರಾಹತಿ ಅಂತೆಲ್ಲಾ ಒಂದೇ ಉಸಿರಿಗೆ ಹೇಳೋಕೆ ಶುರು ಮಾಡಿದೆ. ಅವನು ಅರ್ಧಕ್ಕೇ ತಡೆದ.

"ಏ, ಟಿಪ್ಪು ಬಗ್ಗೆ ನಂಗೇನೋ ಗೊತ್ತು? ಎಸ್ಸೆಸ್ಸೆಲ್ಸೀಲಿ ಸೋಶಿಯಲ್‌ಗೆ ನಲವತ್ತೆರಡು ಬಂದಿದ್ದು ನಿಂಗೆ ನೆನಪಿಲ್ವಾ? ಅವನು ಒಳ್ಳೆಯವನಾಗಿದ್ರೆ ನಾನು ಗ್ರೂಪಲ್ಲಿ ಇರಬಹುದು, ಕೆಟ್ಟವನಾಗಿದ್ರೆ ನಾನು ಹೊರಗೆ ಹೋಗಬೇಕು. ಇದ್ಯಾವ ಲೆಕ್ಕ ಮಾರಾಯ?"

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನೀನು ಆನ್‌ಲೈನ್ ಇದ್ದೆ ಆವತ್ತು. ನಾನು ನೋಡಿದ್ದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೌದು, ಇದ್ದೆ" ಅಂದೆ.

ಇದೇ ಮಾತು ಈ ಎಪಿಸೋಡಿಗೆ ಕಾರಣ. ನಾನು ಆವತ್ತು ಹೇಳಬೇಕಾಗಿದ್ದಕ್ಕೆ 1791ನೇ ಇಸವಿ ಗೊತ್ತಿರಬೇಕಾಗಿರಲಿಲ್ಲ. "ಅವನು ಇಲ್ಲೇ ಇರ್ತಾನೆ, ಈ ಮಾತು ನಿಲ್ಲಿಸಿ" ಅಂತ ಟೈಪ್ ಮಾಡೋಕೆ ಹಿಸ್ಟರಿ ಡಿಗ್ರಿ ಬೇಡ. ಇತಿಹಾಸ ಓದಬೇಡಿ ಅಂತ ನಾನು ಹೇಳ್ತಿಲ್ಲ. ಓದಿ. ಶೃಂಗೇರಿಯ ಪತ್ರವನ್ನೂ ಓದಿ, ಮಂಗಳೂರಿನವರ ಸೆರೆಯನ್ನೂ ಓದಿ. ಎರಡೂ ಅದೇ ಪುಸ್ತಕದ ಪುಟಗಳು. ಆದ್ರೆ ಇವತ್ತು ನಮ್ಮ ಪಕ್ಕದಲ್ಲಿ ಕೂತವನಿಗೆ ನಾವು ಕೊಡಬೇಕಾದ್ದು ಆ ಪುಟಗಳ ಮೇಲೆ ನಿಂತಿಲ್ಲ. ಅದನ್ನ 1950ರಲ್ಲೇ ಬರೆದಾಗಿದೆ. ಅದು ಬಾಕಿ.

ಗೆಳೆಯ ಗ್ರೂಪಿಗೆ ವಾಪಸ್ ಬಂದನಾ ಅಂತ ಕೇಳ್ತೀರಿ. ಇಲ್ಲ. "ಬೇಡ ಬಿಡು, ಅಡಿಕೆ ರೇಟು ಪೇಪರಲ್ಲೇ ಬರುತ್ತೆ" ಅಂದ. ಆದ್ರೆ ಆ ಪುಟದ ಫೋಟೋವನ್ನ ಅವರ ಅಪ್ಪನಿಗೆ ತೋರಿಸಿದನಂತೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಕೊಳೆ ಬಂದ ವರ್ಷದ ಲೆಕ್ಕದಲ್ಲಿ ಗೌಡ್ರು ಹನ್ನೆರಡು ರೂಪಾಯಿ ಜಾಸ್ತಿ ಬಿಟ್ಟಿದ್ದಾರೆ ಅಂದರಂತೆ. ನಾನು ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡಿದೆ. ಅವರು ಹೇಳಿದ್ದು ಸರಿ. ಮುಂದಿನ ಸಲ ಊರಿಗೆ ಹೋದಾಗ ಬನ್ನಿ, ತೀರಿಸಿಬಿಡ್ತೀನಿ ಅಂದಿದ್ದಾರಂತೆ.

ಹೋಗಬೇಕು. ಈ ಸಲ ಚಾ ಅವರ ಮನೆಯಲ್ಲಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥ ಪುಸ್ತಕ, ಕಾಗದ ಇದ್ರೆ ರದ್ದಿಗೆ ಹಾಕೋ ಮೊದಲು ಒಂದು ಸಲ ಪುಟ ತಿರುವಿ ನೋಡಿ.